ಎರೆ ಭೂಮಿಯಲ್ಲಿ ಗೋದಾಮು ಮತ್ತು ಬೇಳೆ ಮಿಲ್ಲು: ಯಾವ ಬಗೆಯ ಗುತ್ತಿಗೆ ಸೂಕ್ತ?

ಪ್ರಶ್ನೆ: ಯೋಜನಾ ಸಂಯೋಜಕ, ಶಹಾಪುರ (ಯಾದಗಿರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಶಹಾಪುರ ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿಯಲ್ಲಿ ನಾನು ಯೋಜನಾ ಸಂಯೋಜಕನಾಗಿದ್ದೇನೆ. ಸುಗ್ಗಿಯಲ್ಲಿ ಸಿಕ್ಕ ದರಕ್ಕೆ ತೊಗರಿ ಮಾರಿ ಕೈತೊಳೆದುಕೊಳ್ಳುವ ಬದಲು, ಅದನ್ನು ಸಂಗ್ರಹಿಸಿಟ್ಟು ಬೇಳೆ ಮಾಡಿ ಮಾರಬೇಕೆಂದು ನಮ್ಮ ಸದಸ್ಯರು ತೀರ್ಮಾನಿಸಿದ್ದಾರೆ. ಅದಕ್ಕಾಗಿ 100 ಅಡಿ ಉದ್ದ, 60 ಅಡಿ ಅಗಲದ ಒಂದು ಗೋದಾಮನ್ನೂ ಅದರ ಒಂದು ಭಾಗದಲ್ಲಿ ಸಣ್ಣ ಬೇಳೆ ಮಿಲ್ಲನ್ನೂ ಮಾಡಲು ಹೊರಟಿದ್ದೇವೆ. ಒಟ್ಟು ಅಂದಾಜು 1 ಕೋಟಿ 40 ಲಕ್ಷ ರೂಪಾಯಿ. ಇದರಲ್ಲಿ ಬುನಾದಿ, ನೆಲ ಮತ್ತು ಗೋಡೆಗೆ 50 ಲಕ್ಷ, ಉಕ್ಕಿನ ಕಂಬ ಹಾಗೂ ತಗಡಿನ ಚಾವಣಿಗೆ 32 ಲಕ್ಷ, ಯಂತ್ರಗಳಿಗೆ 45 ಲಕ್ಷ, ವಿದ್ಯುತ್ ಕೆಲಸಕ್ಕೆ 13 ಲಕ್ಷ. ಕೃಷಿ ಮೂಲಸೌಕರ್ಯ ನಿಧಿಯಡಿ ಶೇ. 3ರ ಬಡ್ಡಿ ರಿಯಾಯಿತಿಯ ಸಾಲ ಮಂಜೂರಾಗಿದ್ದು, ಬ್ಯಾಂಕಿನವರು ಕೆಲಸದ ಹಂತ ನೋಡಿ ಹಣ ಬಿಡುಗಡೆ ಮಾಡುತ್ತಾರೆ.

ಕಟ್ಟಡಕ್ಕೆ ಮಾತ್ರ ಮೂರು ಕೊಟೇಶನ್ ಬಂದಿವೆ. ಮೊದಲನೆಯವರು 84 ಲಕ್ಷಕ್ಕೆ ಇಡೀ ಕಟ್ಟಡ ಮುಗಿಸಿ ಕೀಲಿ ಕೈಗೆ ಕೊಡುತ್ತೇವೆ ಎನ್ನುತ್ತಾರೆ. ಎರಡನೆಯವರು ಪ್ರತಿ ಬಾಬ್ತಿಗೂ ಪ್ರತ್ಯೇಕ ದರ ಕೊಟ್ಟಿದ್ದು, ನಮ್ಮ ಅಂದಾಜು ಪಟ್ಟಿಯ ಪರಿಮಾಣಕ್ಕೆ ಅದನ್ನು ಗುಣಿಸಿದರೆ 79 ಲಕ್ಷ 40 ಸಾವಿರ ಆಗುತ್ತದೆ. ಜಿಎಸ್‌ಟಿ ಬೇರೆ ಎಂದು ಬರೆದಿದ್ದಾರೆ. ಮೂರನೆಯವರು ನಮ್ಮ ಪರಿಚಯದವರು, ಆದ ಖರ್ಚಿನ ಮೇಲೆ ಶೇ. 10 ಕೊಟ್ಟರೆ ಸಾಕು ಎನ್ನುತ್ತಾರೆ.

ನಿರ್ದೇಶಕರಲ್ಲಿ ಒಮ್ಮತವಿಲ್ಲ. ಬಹುಪಾಲು ಜನ ಮೊದಲನೆಯವರ ಕಡೆಗಿದ್ದಾರೆ, ಏಕೆಂದರೆ ಒಂದೇ ಮೊತ್ತ, ಒಂದೇ ಮಾತು, ತಲೆಬಿಸಿ ಇಲ್ಲ. ಆದರೆ ನನಗೆ ಒಂದು ಅಂಜಿಕೆ ಇದೆ. ನಮ್ಮ ಪಕ್ಕದ ಊರಿನಲ್ಲಿ ಒಂದು ಸಮುದಾಯ ಭವನವನ್ನು ಹೀಗೆಯೇ ಒಟ್ಟು ಮೊತ್ತಕ್ಕೆ ಕೊಟ್ಟಿದ್ದರು. ಐದು ಅಡಿಗೆ ಗಟ್ಟಿ ನೆಲ ಸಿಗುತ್ತದೆಂದು ಲೆಕ್ಕ ಹಾಕಿದ್ದ ಗುತ್ತಿಗೆದಾರರಿಗೆ ಒಂಬತ್ತು ಅಡಿಯವರೆಗೂ ಎರೆ ಮಣ್ಣೇ ಸಿಕ್ಕಿತು. ಹೆಚ್ಚುವರಿ ಹಣ ಕೊಡಿ ಎಂದು ಅವರು, ಒಪ್ಪಂದದಲ್ಲಿ ಇಲ್ಲ ಎಂದು ಸಮಿತಿಯವರು ಪಟ್ಟು ಹಿಡಿದರು. ಕಂಬದ ಸರಳುಗಳು ಪ್ಲಿಂತ್ (ಬುನಾದಿ ಮುಗಿದು ಗೋಡೆ ಏಳುವ) ಮಟ್ಟದಲ್ಲಿ ತುಕ್ಕು ಹಿಡಿದು ನಿಂತಿರುವುದನ್ನು ನಾನು ದಿನವೂ ಬಸ್ಸಿನಿಂದ ನೋಡುತ್ತೇನೆ. ನಮ್ಮದು ಹಾಗಾಗಬಾರದು. ಯಂತ್ರ ಖರೀದಿಯನ್ನು ಹೇಗೆ ಮಾಡಬೇಕು ಎಂಬುದೂ ತಿಳಿಯದಾಗಿದೆ. ಅನುಭವಿಗಳು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ಉತ್ತರ 1: ಸುರಪುರದ ವ್ಯಾಪಾರಿ

ನಾವು ನಮ್ಮ ಗೋದಾಮನ್ನು ಒಟ್ಟು ಮೊತ್ತಕ್ಕೇ ಕೊಟ್ಟೆವು, ಆರು ತಿಂಗಳಲ್ಲಿ ಮುಗಿಯಿತು, ಯಾವ ತಕರಾರೂ ಬರಲಿಲ್ಲ. ನಮ್ಮದು ಎರೆಯಲ್ಲ, ಮಸಾರಿ (ಕೆಂಪು ಮಣ್ಣಿನ) ನೆಲ ಎಂಬುದನ್ನೂ ಹೇಳಿಬಿಡುತ್ತೇನೆ. ಗುತ್ತಿಗೆದಾರರು ನಂಬಿಗಸ್ತರಾಗಿದ್ದರೆ ಯಾವ ಪದ್ಧತಿಯಾದರೂ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 2: ನಿವೃತ್ತ ಅಭಿಯಂತರ, ಕಲಬುರಗಿ

ಸುರಪುರದವರು ಕೊನೆಯಲ್ಲಿ ಸೇರಿಸಿದ ಮಸಾರಿ ನೆಲದ ಮಾತಿನಲ್ಲಿಯೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ. ಮೂರು ಕೊಟೇಶನ್‌ಗಳನ್ನು ಮೊತ್ತದಿಂದ ಹೋಲಿಸುತ್ತಿದ್ದೀರಿ. ಆದರೆ ಅವು ಮೂರೂ ಬೇರೆ ಬೇರೆ ವಸ್ತುಗಳು. ನೆಲದೊಳಗೆ ಏನಿದೆ ಎಂಬುದು ಇಂದು ನಿಮಗೂ ಗೊತ್ತಿಲ್ಲ, ಗುತ್ತಿಗೆದಾರರಿಗೂ ಗೊತ್ತಿಲ್ಲ. ಒಟ್ಟು ಮೊತ್ತದ ಗುತ್ತಿಗೆಯಲ್ಲಿ ಆ ಗೊತ್ತಿಲ್ಲದ ಹೊರೆ ಪೂರ್ತಿ ಅವರ ತಲೆಯ ಮೇಲೆ. ಬಾಬ್ತುವಾರು ದರದಲ್ಲಿ ಪರಿಮಾಣದ ಹೊರೆ ನಿಮ್ಮದು, ದರದ ಹೊರೆ ಅವರದು. ಖರ್ಚಿನ ಮೇಲೆ ಶೇಕಡಾವಾರು ಎಂದರೆ ಎರಡೂ ನಿಮ್ಮದೇ. ಹೊರೆ ಹೊರುವವರು ಅದರ ಬೆಲೆಯನ್ನು ಮೊತ್ತದಲ್ಲಿ ಸೇರಿಸಿರುತ್ತಾರೆ, ಇಲ್ಲವೇ ಸೇರಿಸದೆ ಕಡಿಮೆ ಬರೆದು ಮುಂದೆ ಕೆಲಸ ನಿಲ್ಲಿಸುತ್ತಾರೆ. ನೀವು ಬಸ್ಸಿನಿಂದ ನೋಡುತ್ತಿರುವುದು ಎರಡನೆಯ ಬಗೆಯದು.

ಆದ್ದರಿಂದ ಯಾವ ಗುತ್ತಿಗೆ ಎಂದು ಯೋಚಿಸುವ ಮೊದಲು ನೆಲವನ್ನು ಅಗೆದು ನೋಡಿ. ಒಂದು ಜೆಸಿಬಿಯನ್ನು ಅರ್ಧ ದಿನಕ್ಕೆ ತರಿಸಿ, ಕಟ್ಟಡದ ನಾಲ್ಕು ಮೂಲೆಗಳಲ್ಲಿ ಗುಂಡಿ ತೆಗೆಸಿ, ಎಷ್ಟು ಅಡಿಗೆ ಎರೆ ಮುಗಿದು ಮುರುಮು (ಗಟ್ಟಿಯಾದ ಗರಸು ಮಣ್ಣು) ಅಥವಾ ಕಲ್ಲು ಸಿಕ್ಕಿತು ಎಂಬುದನ್ನು ಬರೆದಿಡಿ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಬುನಾದಿ ನಿಲ್ಲಿಸಿದರೆ ಗೋಡೆ ಸೀಳುವುದು ಖಚಿತ. ಒಂದೇ ಹೊಲದಲ್ಲಿ ಒಂದು ಬದಿಗೆ ನಾಲ್ಕು ಅಡಿ, ಇನ್ನೊಂದು ಬದಿಗೆ ಹತ್ತು ಅಡಿ ಎರೆ ಇರುವುದು ನಮ್ಮ ಭೀಮಾ ತೀರದಲ್ಲಿ ಹೊಸದೇನಲ್ಲ. ಆ ಗುಂಡಿಗಳ ವಿವರವನ್ನು ಮೂವರಿಗೂ ಕೊಟ್ಟು, ಹೊಸದಾಗಿ ದರ ಕೇಳಿ. ಎಲ್ಲರಿಗೂ ಒಂದೇ ಮಾಹಿತಿ, ಒಂದೇ ನಕ್ಷೆ, ಒಂದೇ ಕೊನೆಯ ದಿನಾಂಕ ಇದ್ದರೆ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ.

ನನ್ನ ಸಲಹೆ ಇಷ್ಟು. ಕೆಲಸವನ್ನು ಪ್ಲಿಂತ್ ಮಟ್ಟದಲ್ಲಿ ಎರಡು ಭಾಗ ಮಾಡಿ. ಪ್ಲಿಂತ್‌ನ ಕೆಳಗಿನದಕ್ಕೆ ಬಾಬ್ತುವಾರು ದರ. ಅಗೆತಕ್ಕೆ ಇಷ್ಟು, ಕಾಂಕ್ರೀಟಿಗೆ ಇಷ್ಟು, ಸರಳಿಗೆ ಕಿಲೋಗೆ ಇಷ್ಟು ಎಂದು, ಅಳತೆ ಮಾಡಿದಷ್ಟಕ್ಕೆ ಹಣ. ಯಾವುದೇ ಬಾಬ್ತಿನ ಪರಿಮಾಣ ಅಂದಾಜಿಗಿಂತ ಶೇ. 25ಕ್ಕಿಂತ ಹೆಚ್ಚಾದರೆ, ಆ ಹೆಚ್ಚಿನ ಭಾಗಕ್ಕೆ ದರವನ್ನು ಮತ್ತೆ ಕೂತು ಮಾತಾಡಬೇಕು ಎಂಬ ಷರತ್ತನ್ನೂ ಹಾಕಿ. ಪ್ಲಿಂತ್‌ನ ಮೇಲಿನ ಕಂಬ, ಚಾವಣಿ, ಗೋಡೆ ಇವೆಲ್ಲ ನಕ್ಷೆಯಲ್ಲಿ ಕಣ್ಣಿಗೆ ಕಾಣುವಂಥವು, ಅಲ್ಲಿ ಅಚ್ಚರಿ ಇಲ್ಲ. ಅದನ್ನು ಧಾರಾಳವಾಗಿ ಒಟ್ಟು ಮೊತ್ತಕ್ಕೆ ಕೊಡಿ.

ಬಾಬ್ತುವಾರು ಗುತ್ತಿಗೆಯ ಪ್ರಾಣ ಇರುವುದು ಅಳತೆ ಪುಸ್ತಕದಲ್ಲಿ. ಒಂದು ಉದಾಹರಣೆ ಹೇಳುತ್ತೇನೆ. ನಕ್ಷೆಯಲ್ಲಿ ಕಂಬದ ಗುಂಡಿ 1.5 ಮೀಟರ್ ಚೌಕ, 1.8 ಮೀಟರ್ ಆಳ ಇದೆ ಎನ್ನೋಣ, ಅದು 4.05 ಘನ ಮೀಟರ್. ಜೆಸಿಬಿಯ ಬಕೆಟ್ಟಿಗೆ ನಕ್ಷೆ ಓದಲು ಬರುವುದಿಲ್ಲ. ಅದು 2 ಮೀಟರ್ ಚೌಕ, 2 ಮೀಟರ್ ಆಳ ತೋಡಿ 8 ಘನ ಮೀಟರ್ ಮಣ್ಣು ಎತ್ತಿಡುತ್ತದೆ. ಕಣ್ಣೆದುರಿನ ಗುಂಡಿಯನ್ನು ಅಳೆದರೆ ಸುಮಾರು ಎರಡು ಪಟ್ಟು ಹಣ ಹೋಯಿತು. ಗಟ್ಟಿ ನೆಲ ಸಿಗುವವರೆಗಿನ ಆಳವನ್ನು ನಿಜವಾಗಿ ಅಳೆಯಬೇಕು, ಆದರೆ ಉದ್ದ ಅಗಲಗಳನ್ನು ನಕ್ಷೆಯ ಪ್ರಕಾರವೇ ಹಿಡಿಯಬೇಕು ಎಂದು ಒಪ್ಪಂದದಲ್ಲಿ ಬರೆಯಿರಿ. ಅಳತೆಯ ವಿಧಾನಕ್ಕೆ ಐಎಸ್ 1200 (ಕಟ್ಟಡ ಕೆಲಸದ ಅಳತೆಯ ಭಾರತೀಯ ಮಾನಕ) ಅನ್ವಯ ಎಂದು ಒಂದು ಸಾಲು ಹಾಕಿದರೆ ಉಳಿದ ನೂರು ವಾದಗಳು ತಪ್ಪುತ್ತವೆ. ಗುಂಡಿ ಮುಚ್ಚುವ ಮೊದಲು ಇಬ್ಬರೂ ನಿಂತು ಟೇಪು ಹಿಡಿದು, ಟೇಪು ಕಾಣುವಂತೆ ಫೋಟೋ ತೆಗೆದು, ಅದೇ ದಿನ ಅಳತೆ ಪುಸ್ತಕಕ್ಕೆ ಇಬ್ಬರ ಸಹಿ ಆಗಬೇಕು. ಮುಚ್ಚಿದ ಗುಂಡಿಯ ಬಗ್ಗೆ ನಂತರ ಯಾರ ಮಾತೂ ನಿಲ್ಲುವುದಿಲ್ಲ.

ಕೆಲಸವನ್ನು ದಸರೆಯ ನಂತರವೇ ಆರಂಭಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರೆ ಹೊಲಕ್ಕೆ ಖಡಿ, ಉಸುಕು ತುಂಬಿದ ಟಿಪ್ಪರ್ ಇಳಿಯಲಾರದು, ಇಳಿದರೆ ಏರಲಾರದು.

ಉತ್ತರ 3: ಗುತ್ತಿಗೆದಾರ, ಬೀದರ್

ಅಭಿಯಂತರ ಸಾಹೇಬರ ಮಾತನ್ನು ಗುತ್ತಿಗೆದಾರನಾಗಿ ನಾನು ಒಪ್ಪುತ್ತೇನೆ, ಎರಡು ಮಾತು ಸೇರಿಸುತ್ತೇನೆ. ಬೀದರ್ ಊರಿನ ಸುತ್ತ ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲ. ಎರಡು ಮೂರು ಅಡಿಗೆ ಸಲಿಕೆ ನಿಲ್ಲುತ್ತದೆ. ಅಲ್ಲಿ ಒಟ್ಟು ಮೊತ್ತಕ್ಕೆ ಕೆಲಸ ಹಿಡಿಯಲು ನನಗೆ ಯಾವ ಅಂಜಿಕೆಯೂ ಇಲ್ಲ. ಅದೇ ಕಟ್ಟಡವನ್ನು ಎರೆ ನೆಲದಲ್ಲಿ ಒಟ್ಟು ಮೊತ್ತಕ್ಕೆ ಕೇಳಿದರೆ, ಕೆಟ್ಟ ಲೆಕ್ಕವನ್ನೇ ಹಿಡಿದು ಮೊತ್ತ ಬರೆಯುತ್ತೇನೆ. ನಾಲ್ಕು ಅಡಿಗೆ ಕಲ್ಲು ಸಿಕ್ಕರೆ ಉಳಿದದ್ದು ನನ್ನ ಲಾಭ, ನಿಮಗೆ ಅದರಲ್ಲಿ ಒಂದು ಪೈಸೆಯೂ ಬಾರದು.

ಬಾಬ್ತುವಾರು ದರದಲ್ಲಿ ನಮ್ಮವರು ಮಾಡುವ ಒಂದು ಚಾಲಾಕಿಯನ್ನೂ ಹೇಳಿಬಿಡುತ್ತೇನೆ. ಮೊದಲು ಬರುವ ಬಾಬ್ತುಗಳಿಗೆ, ಅಂದರೆ ಅಗೆತ, ಬುನಾದಿ ಕಾಂಕ್ರೀಟು, ಭರ್ತಿಗೆ ಹೆಚ್ಚಿನ ದರ ಹಾಕಿ, ಕೊನೆಯಲ್ಲಿ ಬರುವ ಫರಸಿ ನೆಲ, ಗಿಲಾಯಿ, ಬಣ್ಣಕ್ಕೆ ತೀರಾ ಕಡಿಮೆ ದರ ಹಾಕುತ್ತಾರೆ. ಒಟ್ಟು ಮೊತ್ತ ಎಲ್ಲರಿಗಿಂತ ಕಡಿಮೆ ಕಾಣುತ್ತದೆ. ಆದರೆ ಬುನಾದಿ ಮುಗಿಯುವಷ್ಟರಲ್ಲಿ ಗುತ್ತಿಗೆದಾರರ ಲಾಭ ಕೈಗೆ ಬಂದಿರುತ್ತದೆ, ಮುಂದಿನ ಕೆಲಸ ಮಾಡಿದಷ್ಟೂ ಅವರಿಗೆ ನಷ್ಟ. ಆಗ ಗೌಂಡಿಗಳು ಒಂದು ವಾರ ಬರುತ್ತಾರೆ, ಎರಡು ವಾರ ಬರುವುದಿಲ್ಲ. ನಿಮ್ಮಲ್ಲಂತೂ ಆಳ ಹೆಚ್ಚಾದರೆ ಆ ದುಬಾರಿ ಬಾಬ್ತಿನ ಪರಿಮಾಣವೇ ಏರುತ್ತದೆ. ಆದ್ದರಿಂದ ಎರಡನೆಯವರ 79 ಲಕ್ಷ 40 ಸಾವಿರವನ್ನು ನೋಡಬೇಡಿ, ಪ್ರತಿ ದರವನ್ನೂ ಲೋಕೋಪಯೋಗಿ ಇಲಾಖೆಯ ದರಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಎಲ್ಲಿಯಾದರೂ ಬಹಳ ಮೇಲೆ ಅಥವಾ ಬಹಳ ಕೆಳಗೆ ಇದ್ದರೆ ಲೆಕ್ಕದ ವಿವರ ಕೇಳಿ. ಕೇಳಿದಾಗ ಕೊಡುವವರು ಕೆಲಸ ಮಾಡುವವರು.

ಮೂರನೆಯವರ ಖರ್ಚಿನ ಮೇಲೆ ಶೇ. 10 ಎಂಬುದರ ಬಗ್ಗೆ: ಖರ್ಚು 80 ಲಕ್ಷವಾದರೆ ಅವರಿಗೆ 8 ಲಕ್ಷ, 95 ಲಕ್ಷವಾದರೆ ಒಂಬತ್ತೂವರೆ ಲಕ್ಷ. ಅವರು ಎಷ್ಟೇ ಒಳ್ಳೆಯವರಾಗಿರಲಿ, ಉಳಿಸಿದರೆ ಅವರ ಗಂಟೇ ಕರಗುವ ಏರ್ಪಾಡಿನಲ್ಲಿ ಅವರನ್ನು ನಿಲ್ಲಿಸಬಾರದು. ಈ ಪದ್ಧತಿಯನ್ನು ನಾನು ಒಪ್ಪಿಕೊಂಡದ್ದು ಒಂದೇ ಸಲ, ಒಂದು ಹಳೆಯ ವಾಡೆಯ ದುರಸ್ತಿಗೆ. ಅಲ್ಲಿ ಗೋಡೆ ಬಿಚ್ಚುವ ತನಕ ಒಳಗೆ ಏನಿದೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ಅಲ್ಲಿಯೂ ಶೇಕಡಾವಾರು ಬಿಟ್ಟು, ಖರ್ಚು ಎಷ್ಟೇ ಆಗಲಿ ನನಗೆ ಇಷ್ಟು ಎಂದು ಗೊತ್ತುಪಡಿಸಿದ ಸಂಭಾವನೆ ಇಟ್ಟುಕೊಂಡೆವು. ಆ ಮಾಲೀಕರು ಇಂದಿಗೂ ನನ್ನನ್ನು ಮದುವೆ ಮುಂಜಿಗೆ ಕರೆಯುತ್ತಾರೆ.

ಇನ್ನೊಂದು ಮಾತು. ನಮ್ಮ ದರದಲ್ಲಿ ನಿಮ್ಮ ವಿಳಂಬದ ಬೆಲೆಯೂ ಸೇರಿರುತ್ತದೆ. ಅಳತೆಯಾದ 15 ದಿನದಲ್ಲಿ ಬಿಲ್ಲು ಪಾವತಿ ಎಂದು ಬರೆದು, ಬ್ಯಾಂಕಿನ ಮಂಜೂರಾತಿ ಪತ್ರವನ್ನು ತೋರಿಸಿ ಮಾತಾಡಿದರೆ ದರ ಇಳಿಯುತ್ತದೆ.

ಉತ್ತರ 4: ಖರೀದಿ ವಿಭಾಗದ ಉದ್ಯೋಗಿ, ಸೇಡಂ

ನಾನು ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಯಂತ್ರ ಮತ್ತು ಬಿಡಿಭಾಗಗಳ ಖರೀದಿ ನೋಡುತ್ತೇನೆ, ಆದ್ದರಿಂದ ನಿಮ್ಮ 45 ಲಕ್ಷದ ಭಾಗಕ್ಕೆ ಉತ್ತರಿಸುತ್ತೇನೆ. ಅದಕ್ಕೂ ಮುನ್ನ ಗುತ್ತಿಗೆದಾರರು ಹೇಳಿದ ಗೊತ್ತುಪಡಿಸಿದ ಸಂಭಾವನೆಯ ವಿಷಯಕ್ಕೆ ಒಂದು ಹೆಜ್ಜೆ ಮುಂದಿನ ರೂಪವೂ ಇದೆ. ಗುರಿ ಖರ್ಚು 78 ಲಕ್ಷ, ಸಂಭಾವನೆ 7 ಲಕ್ಷ, ಒಟ್ಟು 85 ಲಕ್ಷ ಎಂದು ಇಟ್ಟುಕೊಂಡು, ಉಳಿದರೂ ಹೆಚ್ಚಾದರೂ ಮಾಲೀಕರಿಗೆ ಶೇ. 60, ಗುತ್ತಿಗೆದಾರರಿಗೆ ಶೇ. 40 ಎಂದು ಹಂಚಿಕೊಂಡು, ಏನೇ ಆದರೂ 91 ಲಕ್ಷ ದಾಟಬಾರದು ಎಂದು ಮಿತಿ ಹಾಕುವುದು. ಖರ್ಚು 73 ಲಕ್ಷಕ್ಕೆ ಮುಗಿದರೆ ಉಳಿದ 5 ಲಕ್ಷದಲ್ಲಿ ಅವರಿಗೆ 2 ಲಕ್ಷ ಹೆಚ್ಚು. ಖರ್ಚು 88 ಲಕ್ಷಕ್ಕೆ ಏರಿದರೆ ಹೆಚ್ಚಾದ 10 ಲಕ್ಷದಲ್ಲಿ ನಿಮ್ಮ ಪಾಲು 6 ಲಕ್ಷ, ಅಲ್ಲಿಗೆ ನೀವು ಕೊಡುವುದು 91 ಲಕ್ಷ ತಲುಪಿತು. ಆ 88ರ ನಂತರದ ಪ್ರತಿ ರೂಪಾಯಿಯೂ ಗುತ್ತಿಗೆದಾರರದೇ. ಕಾಗದದ ಮೇಲೆ ಬಹಳ ಚೆಂದ. ಆದರೆ ಪ್ರತಿ ಬಿಲ್ಲನ್ನೂ ಹಾಜರಿ ಪುಸ್ತಕವನ್ನೂ ಪರಿಶೀಲಿಸುವ ಒಬ್ಬ ಪೂರ್ಣಾವಧಿ ಲೆಕ್ಕಿಗರು ಬೇಕು, ಅವರಿಲ್ಲದ ನಿಮ್ಮಂಥ ಸಂಸ್ಥೆಗೆ ಇದನ್ನು ನಾನು ಹೇಳಲಾರೆ.

ಈಗ ಯಂತ್ರ. ಇದಕ್ಕೆ ಸ್ಥಿರ ಬೆಲೆಯ ಗುತ್ತಿಗೆಯೇ ಸರಿ. ಆದರೆ ಯಂತ್ರದ ಹೆಸರು ಮತ್ತು ಅಶ್ವಶಕ್ತಿ ಬರೆದು ದರ ಕೇಳಬೇಡಿ. ಅದು ಮಾಡಬೇಕಾದ ಕೆಲಸವನ್ನು ಬರೆಯಿರಿ. ಗಂಟೆಗೆ ಎಷ್ಟು ಕ್ವಿಂಟಲ್, ಒಂದು ಕ್ವಿಂಟಲ್ ತೊಗರಿಯಿಂದ ಕನಿಷ್ಠ ಎಷ್ಟು ಕಿಲೋ ಬೇಳೆ, ನುಚ್ಚು ಎಷ್ಟನ್ನು ಮೀರಬಾರದು, ಕ್ವಿಂಟಲಿಗೆ ಎಷ್ಟು ಯೂನಿಟ್ ವಿದ್ಯುತ್ ಎಂಬುದನ್ನು ಖಾತರಿಯಾಗಿ ಕೇಳಿ. ಪರೀಕ್ಷೆ ನಿಮ್ಮ ಸದಸ್ಯರ ತೊಗರಿಯಿಂದಲೇ, ನಿಮ್ಮ ಅಂಗಳದಲ್ಲಿಯೇ ಆಗಬೇಕು. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ನಮ್ಮ ಕಡೆಯ ತೊಗರಿಯ ಕಾಳು, ಸಿಪ್ಪೆಯ ಹಿಡಿತ, ತೇವಾಂಶ ಇವೇ ನಿಮ್ಮ ಯಂತ್ರಕ್ಕೆ ನಾಳೆ ಬರುವ ಮಾಲು. ಮಾರಾಟಗಾರರು ತಮ್ಮ ಕಾರ್ಖಾನೆಯಲ್ಲಿ ಸೋಸಿಟ್ಟ ಕಾಳು ಹಾಕಿ ತೋರಿಸಿದ ಫಲಿತಾಂಶ ನಿಮಗೆ ಬೇಕಾಗಿಲ್ಲ.

ಕೊಟೇಶನ್‌ಗಳನ್ನು ಎರಡು ಲಕೋಟೆಯಲ್ಲಿ ತೆಗೆದುಕೊಳ್ಳಿ: ತಾಂತ್ರಿಕ ವಿವರ ಒಂದರಲ್ಲಿ, ಬೆಲೆ ಇನ್ನೊಂದರಲ್ಲಿ. ಮೊದಲನೆಯದರಲ್ಲಿ ಉತ್ತೀರ್ಣರಾದವರ ಬೆಲೆಯನ್ನು ಮಾತ್ರ ತೆರೆಯಿರಿ. ಅಗ್ಗದ ಬೆಲೆಗೆ ಮರುಳಾಗುವ ಮುನ್ನ ಒಂದು ಲೆಕ್ಕ ಹಾಕಿ. ಅದೇ ಕೆಲಸಕ್ಕೆ ಒಬ್ಬರ ಯಂತ್ರಕ್ಕೆ 30 ಅಶ್ವಶಕ್ತಿ, ಇನ್ನೊಬ್ಬರದಕ್ಕೆ 40 ಬೇಕು ಎಂದಾದರೆ, ವ್ಯತ್ಯಾಸ ಸುಮಾರು 7.46 ಕಿಲೋವ್ಯಾಟ್. ದಿನಕ್ಕೆ 10 ಗಂಟೆ, ವರ್ಷಕ್ಕೆ 150 ದಿನ ಪೂರ್ಣ ಹೊರೆಯಲ್ಲಿ ಓಡಿದರೆ 11,190 ಯೂನಿಟ್ ಹೆಚ್ಚು. ಅದನ್ನು ನಿಮ್ಮ ಜೆಸ್ಕಾಂ ದರಕ್ಕೆ ಗುಣಿಸಿ, ಹತ್ತು ವರ್ಷಕ್ಕೆ ಹಿಡಿದು, ಆಮೇಲೆ ಅಗ್ಗ ಯಾವುದು ಎಂದು ನಿರ್ಧರಿಸಿ.

ಪಾವತಿಯನ್ನು ನಾನಾದರೆ ಹೀಗೆ ಮಾಡುತ್ತೇನೆ: ಶೇ. 20 ಮುಂಗಡ, ಅದೂ ಬ್ಯಾಂಕ್ ಗ್ಯಾರಂಟಿಯ ಮೇಲೆ, ಶೇ. 50 ಕಾರ್ಖಾನೆಯಲ್ಲಿ ಪರಿಶೀಲನೆಯಾಗಿ ಮಾಲು ಹೊರಟಾಗ, ಶೇ. 20 ಜೋಡಣೆ ಮುಗಿದಾಗ, ಕೊನೆಯ ಶೇ. 10 ಪರೀಕ್ಷಾ ಓಟದಲ್ಲಿ ಖಾತರಿಯ ಅಂಕಿಗಳು ಬಂದ ಮೇಲೆ. ಬೆಲೆ ನಿಮ್ಮ ಸ್ಥಳಕ್ಕೆ ತಲುಪಿಸುವವರೆಗಿನದೇ, ಸಾಗಣೆ ವಿಮೆ ಯಾರದು, ಇಳಿಸಲು ಕ್ರೇನ್ ಯಾರದು ಎಂಬುದನ್ನೂ ಬರೆಸಿ. ವಾರಂಟಿಯ ಅವಧಿ ಯಂತ್ರ ಚಾಲನೆಯಾದ ದಿನದಿಂದ ಎಣಿಕೆಯಾಗಬೇಕು, ರವಾನೆಯ ದಿನದಿಂದಲ್ಲ. ಇಲ್ಲವಾದರೆ ಯಂತ್ರ ಬಂದು ಕೂತು, ವಿದ್ಯುತ್ ಸಂಪರ್ಕ ಬರುವಷ್ಟರಲ್ಲಿ ಅರ್ಧ ವಾರಂಟಿ ಪ್ಲಾಸ್ಟಿಕ್ ಹೊದಿಕೆಯೊಳಗೇ ಮುಗಿದಿರುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಯಾರೂ ಹೇಳಲಿಲ್ಲ. ಕೆಲಸವನ್ನು ನಾಲ್ಕು ಗುತ್ತಿಗೆಗಳಾಗಿ ಒಡೆದರೆ, ಅವುಗಳ ನಡುವಿನ ಸಂದುಗಳ ಹೊಣೆ ನಿಮ್ಮದಾಗುತ್ತದೆ. ಯಂತ್ರದ ಅಡಿಪಾಯದ ಬೋಲ್ಟುಗಳ ನಕ್ಷೆ ಯಂತ್ರದವರಿಂದ ಬರಬೇಕು, ಕಾಂಕ್ರೀಟು ಹಾಕುವವರು ಕಟ್ಟಡದವರು. ನಕ್ಷೆ ತಡವಾದರೆ ನೆಲ ಹಾಕಿದ ಮೇಲೆ ಒಡೆಯಬೇಕಾಗುತ್ತದೆ. ಆಗ ಇಬ್ಬರೂ ನಿಮ್ಮ ಕಡೆಗೇ ಬೆರಳು ತೋರಿಸುತ್ತಾರೆ, ಇಬ್ಬರದೂ ನ್ಯಾಯವೇ ಆಗಿರುತ್ತದೆ. ಯಂತ್ರದ ಖರೀದಿ ಆದೇಶವನ್ನು ಬುನಾದಿಯ ಜೊತೆಗೇ ಕೊಟ್ಟು, ಆದೇಶವಾದ ಇಷ್ಟು ದಿನದಲ್ಲಿ ಅಡಿಪಾಯದ ನಕ್ಷೆ ಕೊಡದಿದ್ದರೆ ಮುಂಗಡ ಇಲ್ಲ ಎಂದು ಕಟ್ಟುಹಾಕಿ.

ಉತ್ತರ 5: ಲೆಕ್ಕಪರಿಶೋಧಕಿ, ಕಲಬುರಗಿ

ಮೊದಲಿಗೆ ಜಿಎಸ್‌ಟಿ. ಎರಡನೆಯವರು ತೆರಿಗೆ ಬೇರೆ ಎಂದು ಬರೆದಿದ್ದಾರೆ, ಮೊದಲನೆಯವರ 84 ಲಕ್ಷದ ಬಗ್ಗೆ ನೀವು ಏನೂ ಹೇಳಿಲ್ಲ; ಬಹುಶಃ ಅವರೂ ಏನೂ ಬರೆದಿಲ್ಲ. ಸಾಮಗ್ರಿ ಸಹಿತ ಕಾಮಗಾರಿಗೆ ಶೇ. 18 ತೆರಿಗೆ ಹಿಡಿದರೆ ಎರಡನೆಯವರದು 93 ಲಕ್ಷ 69 ಸಾವಿರಕ್ಕೆ ಏರುತ್ತದೆ. ಮೊದಲನೆಯವರು ತೆರಿಗೆ ಸೇರಿಸಿಯೇ 84 ಲಕ್ಷ ಎಂದಿದ್ದರೆ ಅವರದೇ ಅಗ್ಗ. ಸೇರಿಸಿಲ್ಲ ಎಂದರೆ 99 ಲಕ್ಷ 12 ಸಾವಿರ. ಒಂದು ಸಾಲಿನ ಮೌನಕ್ಕೆ 15 ಲಕ್ಷದ ಬೆಲೆ ಇದೆ. ನಿಮ್ಮ 1 ಕೋಟಿ 40 ಲಕ್ಷದ ಅಂದಾಜಿನಲ್ಲಿ ತೆರಿಗೆ ಸೇರಿದೆಯೇ ಎಂಬುದನ್ನೂ ಇಂದೇ ನೋಡಿ, ಏಕೆಂದರೆ ಕಟ್ಟಡದ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಮರಳಿ ಪಡೆಯಲು ಬರುವುದಿಲ್ಲ, ಅದು ನೇರವಾಗಿ ನಿಮ್ಮ ಖರ್ಚೇ.

ಕೆಲವರು ನಿಮಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅನ್ವಯಿಸುತ್ತದೆ ಎಂದು ಹೇಳಬಹುದು. ಅದು ಸರ್ಕಾರಿ ಇಲಾಖೆಗಳು, ಸ್ಥಳೀಯ ಸಂಸ್ಥೆಗಳು, ಸರ್ಕಾರದ ಒಡೆತನ ಅಥವಾ ನಿಯಂತ್ರಣದ ಸಂಸ್ಥೆಗಳಿಗಾಗಿ ಇರುವ ಕಾನೂನು. ರೈತರೇ ಷೇರುದಾರರಾಗಿರುವ ಕಂಪನಿ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಯಾವುದಾದರೂ ಸಹಾಯಧನ ಪಡೆಯುತ್ತಿದ್ದರೆ ಅದರ ಮಂಜೂರಾತಿ ಆದೇಶದ ಷರತ್ತುಗಳನ್ನು ಓದಿ. ಅಲ್ಲಿ ಟೆಂಡರ್ ಕರೆಯಬೇಕೆಂದಿದ್ದರೆ ಕರೆಯಲೇಬೇಕು. ಕಾನೂನು ಇರಲಿ ಬಿಡಲಿ, ಮೂರನೆಯವರು ಪರಿಚಯದವರು ಎಂದು ಬರೆದಿದ್ದೀರಿ. ಯಾವ ನಿರ್ದೇಶಕರಿಗೆ ಪರಿಚಯವೋ ಸಂಬಂಧವೋ, ಅವರು ಆ ಚರ್ಚೆಯಿಂದ ಹೊರಗಿದ್ದರು ಎಂಬುದು ನಡಾವಳಿಯಲ್ಲಿ ದಾಖಲಾಗಲಿ. ಮುಂದೆ ಲೆಕ್ಕ ತಪಾಸಣೆಗೆ ಕೂರುವಾಗ ನನ್ನಂಥವರು ಮೊದಲು ಹುಡುಕುವುದು ಅದನ್ನೇ.

ವಿಳಂಬಕ್ಕೆ ದಿನಕ್ಕೆ ಇಷ್ಟು ಸಾವಿರ ದಂಡ ಎಂದು ಬರೆದುಕೊಂಡು ನಿಶ್ಚಿಂತರಾಗಬೇಡಿ. 1872ರ ಭಾರತೀಯ ಕರಾರು ಅಧಿನಿಯಮದ 74ನೆಯ ಪ್ರಕರಣದ ಪ್ರಕಾರ, ಬರೆದ ಮೊತ್ತ ಒಂದು ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸವಾದ ಪರಿಹಾರವಷ್ಟೇ ಸಿಗುತ್ತದೆ. ಹಾಗೆಯೇ ಅದೇ ಅಧಿನಿಯಮದ 70ನೆಯ ಪ್ರಕರಣವನ್ನು ಗುತ್ತಿಗೆದಾರರು ನಿಮ್ಮ ವಿರುದ್ಧ ಬಳಸಬಹುದು: ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭವನ್ನು ನೀವು ಅನುಭವಿಸಿದರೆ, ಲಿಖಿತ ಆದೇಶ ಇಲ್ಲದಿದ್ದರೂ ಪರಿಹಾರ ಕೊಡಬೇಕಾಗುತ್ತದೆ. ನಿರ್ದೇಶಕರೊಬ್ಬರು ಸಂಜೆ ಸೈಟಿಗೆ ಬಂದು, ಇಲ್ಲೊಂದು ಕೋಣೆ ಇರಲಿ ಎಂದು ಹೇಳಿ ಹೋಗುವುದು ಹೀಗೆಯೇ ದುಬಾರಿಯಾಗುತ್ತದೆ. ಬದಲಾವಣೆಯ ಆದೇಶ ಒಬ್ಬರೇ, ಬರವಣಿಗೆಯಲ್ಲಿ ಕೊಡಬೇಕು.

ಯಂತ್ರದ ತಯಾರಕರು ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿ ನೋಂದಾಯಿತರಾಗಿದ್ದರೆ, ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ; ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ದರದಲ್ಲಿ ಚಕ್ರಬಡ್ಡಿ. ಮಾಲು ತಲುಪಿದ 15 ದಿನದೊಳಗೆ ನೀವು ಬರವಣಿಗೆಯಲ್ಲಿ ಆಕ್ಷೇಪಿಸದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡಂತೆ. ಸೇಡಂನವರು ಹೇಳಿದ ಕೊನೆಯ ಶೇ. 10ನ್ನು ತಡೆಹಿಡಿಯಬೇಕಾದರೆ ಈ ದಿನಗಳನ್ನು ಎಣಿಸಿಕೊಂಡೇ ಪರೀಕ್ಷಾ ಓಟ ನಿಗದಿ ಮಾಡಿ, ಕೊರತೆ ಕಂಡರೆ ಫೋನಿನಲ್ಲಿ ಹೇಳದೆ ಪತ್ರ ಬರೆಯಿರಿ.

ಕಟ್ಟಡದವರ ಪ್ರತಿ ಬಿಲ್ಲಿನಿಂದಲೂ ಶೇ. 5 ಠೇವಣಿ ಹಿಡಿಯಿರಿ. ಅದನ್ನು ಮರಳಿಸುವ ಮುನ್ನ ಎರೆ ನೆಲದ ಕಟ್ಟಡ ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಪೂರ್ತಿ ಕಂಡಿರಬೇಕು, ಆರು ತಿಂಗಳು ಸಾಲದು.

ಪ್ರಶ್ನೆ ಕೇಳಿದವರಿಂದ ಮುಂದುವರಿಕೆ

ಎಲ್ಲರಿಗೂ ಕೃತಜ್ಞತೆಗಳು. ಕಳೆದ ವಾರ ಗುಂಡಿಗಳನ್ನು ತೆಗೆಸಿದೆವು. ರಸ್ತೆಯ ಕಡೆಯ ಎರಡು ಮೂಲೆಗಳಲ್ಲಿ ನಾಲ್ಕು ಅಡಿಗೆ ಮುರುಮು ಸಿಕ್ಕಿತು; ಹಳ್ಳದ ಕಡೆಯ ಒಂದರಲ್ಲಿ ಏಳು, ಇನ್ನೊಂದರಲ್ಲಿ ಒಂಬತ್ತು ಅಡಿ. ಹಳ್ಳದ ಕಡೆಯ ಗುಂಡಿಯೊಳಗೆ ಇಳಿದ ನಮ್ಮ ಹಿರಿಯ ನಿರ್ದೇಶಕರು ಮೇಲೆ ಬಂದು ಒಟ್ಟು ಮೊತ್ತದ ಮಾತು ಬಿಟ್ಟರು. ಕಟ್ಟಡವನ್ನು ಹತ್ತು ಮೀಟರ್ ರಸ್ತೆಯ ಕಡೆಗೆ ಸರಿಸಲು ಸಾಧ್ಯವೇ ಎಂದು ನಕ್ಷೆ ಮಾಡಿದವರು ನೋಡುತ್ತಿದ್ದಾರೆ. ಮೊದಲನೆಯವರನ್ನು ಕೇಳಿದಾಗ 84 ಲಕ್ಷಕ್ಕೆ ತೆರಿಗೆ ಬೇರೆ ಎಂದರು. ಪ್ಲಿಂತ್‌ವರೆಗೆ ಬಾಬ್ತುವಾರು, ಮೇಲೆ ಒಟ್ಟು ಮೊತ್ತ ಎಂದು ಹೊಸದಾಗಿ ಐವರಿಂದ ದರ ಕೇಳುತ್ತಿದ್ದೇವೆ.

ಒಂದು ಸಂದೇಹ ಉಳಿದಿದೆ. ಸಿಮೆಂಟು ಮತ್ತು ಸರಳನ್ನು ನಾವೇ ತಂದುಕೊಟ್ಟರೆ ಹೇಗೆ? ಸಿಮೆಂಟು ನಮ್ಮ ಕಡೆಯದೇ ಆದ್ದರಿಂದ ಅಗ್ಗವಾಗಬಹುದು ಎಂದು ಕೆಲವರು ಹೇಳುತ್ತಾರೆ.

ಉತ್ತರ: ನಿವೃತ್ತ ಅಭಿಯಂತರ, ಕಲಬುರಗಿ

ಸರಳು ತಂದುಕೊಡಿ, ಸಿಮೆಂಟು ಬೇಡ. ಸರಳನ್ನು ಲೆಕ್ಕ ಹಾಕುವುದು ಸುಲಭ: ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ, 12 ಮಿಲಿಮೀಟರಿನದು ಸುಮಾರು 0.89 ಕಿಲೋ. ನಕ್ಷೆಯ ಉದ್ದಕ್ಕೆ ಅದನ್ನು ಗುಣಿಸಿ, ತುಂಡುಗಳಿಗೆಂದು ಶೇ. 3 ಸೇರಿಸಿ, ಕೊಟ್ಟದ್ದಕ್ಕೂ ಕಟ್ಟಿದ್ದಕ್ಕೂ ತಾಳೆ ನೋಡಬಹುದು. ಬೆಲೆ ಏರಿಳಿತದ ಅಂಜಿಕೆಯೂ ಗುತ್ತಿಗೆದಾರರ ದರದಿಂದ ಹೊರಹೋಗುತ್ತದೆ. ಸಿಮೆಂಟು ಹಾಗಲ್ಲ. ಎಂ-20 ದರ್ಜೆಯ ಕಾಂಕ್ರೀಟಿಗೆ ಸಿಮೆಂಟು, ಉಸುಕು, ಖಡಿಯನ್ನು 1:1.5:3ರಂತೆ ಬೆರೆಸಿದರೆ ಘನ ಮೀಟರಿಗೆ ಸುಮಾರು 8 ಚೀಲ ಬೇಕು ಎಂದು ಲೆಕ್ಕ ಹೇಳುತ್ತದೆ. ಸೈಟಿನಲ್ಲಿ ಎಷ್ಟು ಚೀಲ ಒಡೆಯಿತು, ಎಷ್ಟು ತೇವಕ್ಕೆ ಗಂಟು ಕಟ್ಟಿತು, ಎಷ್ಟು ರಾತ್ರಿ ಸೈಕಲ್ ಹತ್ತಿತು ಎಂದು ಕಾಯಲು ನಿಮಗೆ ಆಳಿಲ್ಲ. ಕಾಂಕ್ರೀಟು ದುರ್ಬಲವಾದರೆ, ನೀವು ಕೊಟ್ಟ ಸಿಮೆಂಟೇ ಹಾಗಿತ್ತು ಎನ್ನಲು ಅವರಿಗೊಂದು ನೆಪವೂ ಸಿಗುತ್ತದೆ.

ಇನ್ನೊಂದು ಬಾಬ್ತು ಮರೆತಿದ್ದೆ. 6,000 ಚದರ ಅಡಿಯ ನೆಲಕ್ಕೆ ಮೂರು ಅಡಿ ಮುರುಮು ಭರ್ತಿ ಎಂದರೆ 18,000 ಘನ ಅಡಿ, ಅಂದರೆ 180 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಇದನ್ನು ಟಿಪ್ಪರ್ ಲೆಕ್ಕದಲ್ಲಿ ಒಪ್ಪಿಕೊಳ್ಳಬೇಡಿ. ಟಿಪ್ಪರಿನಲ್ಲಿ ಸಡಿಲವಾಗಿ ಬಂದದ್ದು ನೀರು ಹಾಕಿ ರೋಲರ್ ಹೊಡೆದಾಗ ಇಳಿಯುತ್ತದೆ, ಆ ಇಳಿದ ಭಾಗಕ್ಕೂ ನೀವು ಹಣ ಕೊಟ್ಟಿರುತ್ತೀರಿ. ಗಟ್ಟಿಯಾದ ಮೇಲಿನ ಅಳತೆಗೆ ದರ ಎಂದು ಬರೆಯಿರಿ. ಭರ್ತಿ ಶುರುವಾಗುವ ಮುನ್ನ ನೆಲದ ಮಟ್ಟಗಳನ್ನು ಹತ್ತಿರದ ಸಿಡಿ ಸೇತುವೆಯ (ರಸ್ತೆಯಡಿ ನೀರು ದಾಟಿಸುವ ಮೋರಿ) ಕಟ್ಟೆಯಂಥ ಅಲುಗಾಡದ ಒಂದು ಗುರುತಿನಿಂದ ತೆಗೆದು ಇಬ್ಬರೂ ಸಹಿ ಮಾಡಿ. ಎರೆಯಲ್ಲಿ ನೆಟ್ಟ ಗೂಟದಿಂದ ತೆಗೆಯಬೇಡಿ, ಮಳೆಗೆ ಅದೂ ಏಳುತ್ತದೆ.

ಪ್ರಶ್ನೆ ಕೇಳಿದವರು

ರಸ್ತೆಯ ಸಿಡಿ ಸೇತುವೆ ನಮ್ಮ ಹೊಲದಿಂದ ನಲವತ್ತು ಹೆಜ್ಜೆ ದೂರದಲ್ಲಿದೆ, ಅದರ ಕಟ್ಟೆಗೆ ಇವತ್ತೇ ಬಣ್ಣ ಹಚ್ಚಿ ಗುರುತು ಮಾಡಿಸುತ್ತೇನೆ. ಭರ್ತಿಯ ಷರತ್ತನ್ನು ದರಪತ್ರ ಕಳುಹಿಸುವ ಮುನ್ನವೇ ಸೇರಿಸಿದ್ದೇನೆ.